ಪ್ಯಾಂಟ್ ಒಣಗಿಯೇ ಇದೆ, ಕಾಲಿಗೆ ಮಾತ್ರ ನೀರು ಹನಿಸಿದ ಹಾಗೆ ಯಾಕೆ?

ಪ್ರಶ್ನೆ: ಡಾಕ್ಟ್ರೇ, ನನಗೆ 46 ವರ್ಷ. ಊರು ಶಿರಸಿ ಹತ್ತಿರ, ಇಪ್ಪತ್ತು ವರ್ಷದಿಂದ ಡೊಂಬಿವಲಿಯಲ್ಲಿದ್ದೇನೆ. ಫೋರ್ಟ್‌ನಲ್ಲಿ ಒಂದು ಆಫೀಸಿನ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಜೂನ್‌ನಲ್ಲಿ ಗ್ಯಾಸ್ ಸಿಲಿಂಡರ್ ಸರಿಸುವಾಗ ಸೊಂಟ ಹಿಡಿದುಕೊಂಡಿತು. ನೋವು ಎಡಗಾಲಿಗೆ ಇಳಿಯಿತು. ಈಗ ಹತ್ತು ವಾರ ಆಯಿತು, ನೋವು ಅರ್ಧಕ್ಕಿಂತ ಕಡಿಮೆ ಆಗಿದೆ. ಆದರೆ ಬೇರೆ ಏನೇನೋ ಶುರುವಾಗಿದೆ. ಒಂದು ದಿನ ಲೋಕಲ್‌ನಲ್ಲಿ ಕಿಟಕಿ ಪಕ್ಕ ಕೂತಿದ್ದೆ. ಎಡ ಮೊಣಕಾಲ ಕೆಳಗೆ, ಹೊರಬದಿಯಲ್ಲಿ, ತಣ್ಣನೆ ನೀರು ಹನಿಸಿದ ಹಾಗಾಯಿತು. ಮಳೆನೀರು ಅಂದುಕೊಂಡು ಮುಟ್ಟಿದರೆ ಪ್ಯಾಂಟ್ ಒಣಗಿಯೇ ಇದೆ. ಈಗ ದಿನಕ್ಕೆ ಹತ್ತು ಸಲ ಹಾಗಾಗುತ್ತದೆ. ಎಡಗಾಲಿನ ಹೆಬ್ಬೆರಳ ಹತ್ತಿರ ಫೋನ್ ವೈಬ್ರೇಟ್ ಆದ ಹಾಗೆ ಜುಂ ಅನ್ನುತ್ತದೆ. ಒಂದು ತಿಂಗಳಿಂದ ಬಲ ತೊಡೆಯ ಹೊರಬದಿಯಲ್ಲಿ ಅಂಗೈ ಅಗಲದ ಜಾಗ ಉರಿಯುತ್ತದೆ, ಬಟ್ಟೆ ತಾಗಿದರೂ ತಡೆಯಲಾಗದು. ರಾತ್ರಿ ಎರಡೂ ಅಂಗಾಲು ಬಿಸಿ. ನಡೆಯಲು ತೊಂದರೆ ಇಲ್ಲ, ಸ್ಟೇಷನ್ ಸೇತುವೆ ಹತ್ತಿ ಇಳಿಯುತ್ತೇನೆ.

ಎಂಆರ್‌ಐಯಲ್ಲಿ ‘ಎಲ್‌4–ಎಲ್‌5 ಡಿಸ್ಕ್ ಬಲ್ಜ್, ಎಡಗಡೆ ನರಕ್ಕೆ ಒತ್ತಡ’ ಎಂದು ಬಂದಿದೆ. ಪಕ್ಕದ ಮನೆಯವರು ಮರಾಠಿಯಲ್ಲಿ ‘ಮಣಕ್ಯಾತ್ ಗ್ಯಾಪ್ ಆಲಾಯ್’, ಅಂದರೆ ಬೆನ್ನುಮೂಳೆಯಲ್ಲಿ ಗ್ಯಾಪ್ ಬಂದಿದೆ ಅಂದರು, ಹೀಗೇ ಬಿಟ್ಟರೆ ಲಕ್ವ ಹೊಡೆಯುತ್ತದಂತೆ. ಒಬ್ಬ ಡಾಕ್ಟರು ಆಪರೇಷನ್ ಅಂದರು, ಇನ್ನೊಬ್ಬರು ಏನೂ ಬೇಡ ಅಂದರು. ಊರಿಂದ ಮಾವ ಫೋನ್ ಮಾಡಿ, ಮೂಳೆ ಕೂರಿಸುವವರೊಬ್ಬರಿದ್ದಾರೆ ಬಾ ಅನ್ನುತ್ತಿದ್ದಾರೆ. ಸೊಂಟದ ಬೆಲ್ಟನ್ನು ಬೆಳಗ್ಗೆಯಿಂದ ರಾತ್ರಿವರೆಗೆ ಹಾಕಿಕೊಳ್ಳುತ್ತೇನೆ. ನರದ ನೋವಿಗೆಂದು ಪ್ರಿಗಾಬಲಿನ್, ಜೊತೆಗೆ ಮೀಥೈಲ್‌ಕೊಬಾಲಮಿನ್ ಮಾತ್ರೆ ನಡೆಯುತ್ತಿದೆ. ಶುಗರ್‌ಗೆ ಆರು ವರ್ಷದಿಂದ ಮೆಟ್‌ಫಾರ್ಮಿನ್ ತಗೊಳ್ಳುತ್ತೇನೆ. ಸಸ್ಯಾಹಾರಿ. ನನ್ನ ಕಾಲು ಹೋಗುತ್ತದಾ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ನೀವು ಬರೆದಿರುವುದರಲ್ಲಿ ಕಾಲು ಹೋಗುವ ಲಕ್ಷಣ ನನಗೆ ಒಂದೂ ಕಾಣಲಿಲ್ಲ. ಹತ್ತು ವಾರದಲ್ಲಿ ನೋವು ಅರ್ಧಕ್ಕಿಂತ ಕಡಿಮೆ ಆಗಿದೆ, ಸೇತುವೆ ಹತ್ತಿ ಇಳಿಯುತ್ತೀರಿ. ಇವೆರಡೂ ಒಳ್ಳೆಯ ಸುದ್ದಿ. ಪತ್ರ ನೋಡಿ ಹೇಳುವ ಮಾತು ಕೈಯಿಂದ ಮುಟ್ಟಿ ಪರೀಕ್ಷಿಸಿದ್ದಕ್ಕೆ ಸಮ ಅಲ್ಲ, ಹಾಗಾಗಿ ನೀವೇ ಮನೆಯಲ್ಲಿ ಮಾಡಬಹುದಾದ ಪರೀಕ್ಷೆಯನ್ನೂ ಮುಂದೆ ಬರೆದಿದ್ದೇನೆ.

ನಿಮ್ಮ ಪತ್ರವನ್ನು ನಾನು ಎರಡು ಸಲ ಓದಿದೆ. ಎಡ ಮೊಣಕಾಲ ಕೆಳಗಿನ ನೀರು, ಬಲ ತೊಡೆಯ ಉರಿ, ಎರಡೂ ಅಂಗಾಲಿನ ಬಿಸಿ, ಈ ಮೂರನ್ನೂ ನೀವು ಒಂದೇ ಡಿಸ್ಕಿನ ಖಾತೆಗೆ ಬರೆದಿದ್ದೀರಿ. ಲೆಕ್ಕಪತ್ರದವರು ನೀವು, ಎಲ್ಲ ಖರ್ಚನ್ನೂ ಒಂದೇ ಖಾತೆಗೆ ಬರೆಯುವುದಿಲ್ಲ ಅಲ್ವಾ? ಇಲ್ಲಿ ನನಗೆ ಮೂರು ಬೇರೆ ಬೇರೆ ಖಾತೆ ಕಾಣುತ್ತಿವೆ. ಎಂಆರ್‌ಐ ರಿಪೋರ್ಟ್ ಕೈಗೆ ಬಂದ ಮೇಲೆ ಕಾಲಿನಲ್ಲಿ ಏನೇ ಆದರೂ ಅದಕ್ಕೇ ಗಂಟು ಹಾಕುವುದನ್ನು ರೋಗಿಗಳೂ ಮಾಡುತ್ತಾರೆ, ನಾವು ಡಾಕ್ಟರುಗಳೂ ಮಾಡುತ್ತೇವೆ.

ಮೊದಲು ‘ಗ್ಯಾಪ್’ ಮತ್ತು ಲಕ್ವದ ಭಯ ಕಳೆಯೋಣ. ಮುಂಬೈಯಲ್ಲಿ ಸೊಂಟನೋವಿನವರಲ್ಲಿ ಅರ್ಧ ಜನ ಈ ಗ್ಯಾಪ್ ಮಾತನ್ನು ಹಿಡಿದುಕೊಂಡೇ ನನ್ನ ಹತ್ತಿರ ಬರುತ್ತಾರೆ. ಮೂಳೆ ಮೂಳೆಗಳ ನಡುವೆ ಗ್ಯಾಪ್ ಇರಲೇಬೇಕು, ಅಲ್ಲಿ ಡಿಸ್ಕ್ ಇರುತ್ತದೆ. ಮರಾಠಿಯಲ್ಲಿ ಅದಕ್ಕೆ ಗಾದಿ ಅನ್ನುತ್ತಾರೆ, ಚೆನ್ನಾದ ಹೆಸರು. ನಾನು ನಮ್ಮವರಿಗೆ ಹೇಳುವಾಗ ಒಬ್ಬಟ್ಟಿನ ಉಂಡೆ ನೆನಪಿಸುತ್ತೇನೆ. ಒಳಗೆ ಮೆತ್ತನೆ ಹೂರಣ, ಸುತ್ತ ಗಟ್ಟಿ ಕಣಕ. ಮೇಲಿಂದ ಒತ್ತಿದರೆ ಅಂಚು ಉಬ್ಬುತ್ತದೆ, ಕಣಕ ಹರಿದಿರುವುದಿಲ್ಲ. ಇದು ಬಲ್ಜ್. ಕಣಕ ಹರಿದು ಹೂರಣ ಹೊರಗೆ ಬಂದರೆ ಅದು ಎಕ್ಸ್‌ಟ್ರೂಷನ್. ನಿಮ್ಮದು ಮೊದಲನೆಯದು. ಡಿಸ್ಕ್ ಎಲ್ಲಿಗೂ ಜಾರಿ ಹೋಗಿಲ್ಲ.

ಇನ್ನು ಲಕ್ವ. ನಾವು ಸಾಮಾನ್ಯವಾಗಿ ಲಕ್ವ ಅನ್ನುವುದು ಮಿದುಳಿನ ರಕ್ತನಾಳದ ತೊಂದರೆಯಿಂದ ಬರುವುದು. ಡಿಸ್ಕಿಗೂ ಅದಕ್ಕೂ ಸಂಬಂಧವೇ ಇಲ್ಲ. ‘ಹಾಗಾದರೆ ಬೆನ್ನುಹುರಿಗೆ ಒತ್ತಡ ಬಿದ್ದರೆ?’ ಎಂದು ಕೇಳಬಹುದು. ಬೆನ್ನುಹುರಿ ಸೊಂಟದ ಒಂದನೇ, ಎರಡನೇ ಮೂಳೆಯ ಹತ್ತಿರವೇ ಮುಗಿದುಬಿಡುತ್ತದೆ. ನಿಮ್ಮ ಡಿಸ್ಕ್ ಇರುವುದು ನಾಲ್ಕು ಮತ್ತು ಐದರ ನಡುವೆ. ಅಲ್ಲಿ ಹುರಿಯೇ ಇಲ್ಲ, ಕುದುರೆ ಬಾಲದ ಕೂದಲಿನ ಹಾಗೆ ಬಿಡಿ ಬಿಡಿ ನರಗಳಿವೆ. ಕುತ್ತಿಗೆಯ ಡಿಸ್ಕ್ ಬೇರೆ ವಿಷಯ, ಅಲ್ಲಿ ಹುರಿ ಇದೆ. ಅಂಗಿ ಗುಂಡಿ ಹಾಕಲು ಕೈ ತಡವರಿಸುವುದು, ನಡೆಯುವಾಗ ವಾಲುವುದು ಇದ್ದರೆ ಕುತ್ತಿಗೆಯನ್ನು ನೋಡಿಸಬೇಕು. ನೀವು ಅಂಥದ್ದೇನೂ ಬರೆದಿಲ್ಲ.

ರಿಪೋರ್ಟಿನ ಶಬ್ದಗಳಿಗೂ ಹೆದರಬೇಡಿ. ಬೆನ್ನುನೋವೇ ಇಲ್ಲದ 3110 ಜನರ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿ ನೋಡಿದ ಪರಿಶೀಲನೆಯೊಂದು 2015ರಲ್ಲಿ ಪ್ರಕಟವಾಯಿತು. 20ರ ವಯಸ್ಸಿನವರಲ್ಲೇ ನೂರಕ್ಕೆ 30 ಜನರಿಗೆ ಡಿಸ್ಕ್ ಉಬ್ಬಿತ್ತು. 40ರಲ್ಲಿ 50 ಜನರಿಗೆ, 50ರಲ್ಲಿ 60 ಜನರಿಗೆ, 80ರಲ್ಲಿ 84 ಜನರಿಗೆ. ಇವರಲ್ಲಿ ಯಾರಿಗೂ ನೋವು ಇರಲಿಲ್ಲ. ನಿಮ್ಮ ಲೋಕಲ್‌ನ ಒಂದು ಡಬ್ಬಿಯಲ್ಲಿ ನಿಮ್ಮ ವಯಸ್ಸಿನವರನ್ನೆಲ್ಲ ಸ್ಕ್ಯಾನ್ ಮಾಡಿದರೆ ಸುಮಾರು ಅರ್ಧ ಜನರ ರಿಪೋರ್ಟಿನಲ್ಲಿ ಡಿಸ್ಕ್ ಬಲ್ಜ್ ಎಂದೇ ಬರುತ್ತದೆ. ಹಾಗಂತ ನಿಮ್ಮ ಎಡಗಾಲಿನ ತೊಂದರೆ ಸುಳ್ಳು ಅಂತಲ್ಲ. ಅಲ್ಲಿ ಚಿತ್ರವೂ ಕಾಲೂ ಒಂದಕ್ಕೊಂದು ಹೊಂದುತ್ತವೆ.

ಹೇಗೆ ಅಂದರೆ, ಎಲ್‌4–ಎಲ್‌5 ಡಿಸ್ಕ್ ಉಬ್ಬಿದಾಗ ಸಾಮಾನ್ಯವಾಗಿ ಒತ್ತಡ ಬೀಳುವುದು ಎಲ್‌5 ಎಂಬ ನರಕ್ಕೆ. ಆ ನರ ಮೊಣಕಾಲ ಕೆಳಗಿನ ಹೊರಬದಿ, ಪಾದದ ಮೇಲ್ಭಾಗ, ಹೆಬ್ಬೆರಳು ಇಷ್ಟು ಜಾಗಕ್ಕೆ ಹೋಗುತ್ತದೆ. ನಿಮ್ಮ ನೀರೂ ಜುಂ ಅನ್ನುವುದೂ ಸರಿಯಾಗಿ ಅದೇ ದಾರಿಯಲ್ಲಿವೆ. ಮೊದಲ ಖಾತೆ ಇದು, ಡಿಸ್ಕಿನದು.

ಆದರೆ ನೀರೇ ಯಾಕೆ? ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಿಮ್ಮನ್ನು ಜಾಸ್ತಿ ಹೆದರಿಸಿರುವುದು ಇದೇ. ಮಳೆಗಾಲದಲ್ಲಿ ಗೋಡೆಗೆ ನೀರಿಳಿದು ಮನೆಯ ಕರೆಗಂಟೆ ತಾನಾಗಿ ಹೊಡೆದುಕೊಳ್ಳುವುದನ್ನು ನೋಡಿರುತ್ತೀರಿ. ಬಾಗಿಲು ತೆರೆದರೆ ಯಾರೂ ಇರುವುದಿಲ್ಲ. ತೊಂದರೆ ಇರುವುದು ವೈರಿನ ಮಧ್ಯದಲ್ಲಿ. ನರದ ಕಥೆಯೂ ಹೀಗೇ. ಡಿಸ್ಕ್ ಬರೀ ಒತ್ತುವುದಷ್ಟೇ ಅಲ್ಲ, ಅದರ ಸುತ್ತ ಉರಿಯೂತದ ರಾಸಾಯನಿಕಗಳೂ ಸೇರಿಕೊಂಡು ನರದ ಬೇರನ್ನು ಕೆರಳಿಸುತ್ತವೆ. ಕೆರಳಿದ ನರ ಯಾರೂ ಮುಟ್ಟದೆಯೂ ಸಂದೇಶ ಕಳಿಸುತ್ತದೆ. ಸಂದೇಶ ಸೊಂಟದಲ್ಲಿ ಹುಟ್ಟಿದ್ದು ಅಂತ ಮಿದುಳಿಗೆ ಗೊತ್ತಾಗುವುದಿಲ್ಲ. ಆ ವೈರು ಕಾಲಿನದು, ಹಾಗಾಗಿ ಕಾಲಲ್ಲೇ ಏನೋ ಆಗಿದೆ ಅಂದುಕೊಳ್ಳುತ್ತದೆ.

ಇನ್ನೊಂದು ವಿಷಯ ನನಗೆ ಇವತ್ತಿಗೂ ಬೆರಗು. ನಮ್ಮ ಚರ್ಮದಲ್ಲಿ ‘ಒದ್ದೆ’ಯನ್ನು ಗುರುತಿಸುವ ಪ್ರತ್ಯೇಕ ವ್ಯವಸ್ಥೆಯೇ ಇಲ್ಲ. ತಣ್ಣಗೆ ಅನ್ನುವ ಸಂದೇಶ, ಹಗುರವಾಗಿ ತಾಗಿದ ಸಂದೇಶ ಎರಡೂ ಒಟ್ಟಿಗೆ ಬಂದರೆ ಮಿದುಳು ಅದನ್ನು ಕೂಡಿಸಿ ‘ನೀರು’ ಎಂದು ತೀರ್ಮಾನಿಸುತ್ತದೆ. ಕೆರಳಿದ ನರದಿಂದ ಆ ಎರಡೂ ಒಟ್ಟಿಗೆ ಹೊರಟರೆ ಒಣ ಪ್ಯಾಂಟಿನೊಳಗೆ ನೀರು ಹರಿಯುತ್ತದೆ. ನಿಮ್ಮ ಹಾಗೆ ಕೇಳಿದವರು ಎಷ್ಟೋ ಜನ. ಒಬ್ಬರಿಗೆ ಬರಿಗಾಲಲ್ಲೂ ಕಾಲುಚೀಲ ಹಾಕಿದ ಹಾಗೆ, ಇನ್ನೊಬ್ಬರಿಗೆ ಇರುವೆ ಹರಿದ ಹಾಗೆ, ಮತ್ತೊಬ್ಬರಿಗೆ ಪಾದದಡಿ ಸಣ್ಣ ಕಲ್ಲು ಸಿಕ್ಕಿಕೊಂಡ ಹಾಗೆ. ತಲೆ ಕೆಟ್ಟಿದೆ ಅಂದಾರು ಅಂತ ಹೆಂಡತಿಗೂ ಹೇಳದೆ ಇಟ್ಟುಕೊಂಡವರಿದ್ದಾರೆ. ದಯವಿಟ್ಟು ಮನೆಯವರಿಗೆ ಹೇಳಿ.

ಅನುಭವ ಎಷ್ಟು ವಿಚಿತ್ರವಾಗಿದೆ ಅನ್ನುವುದು ನರಕ್ಕೆ ಎಷ್ಟು ಪೆಟ್ಟಾಗಿದೆ ಅನ್ನುವುದರ ಅಳತೆ ಅಲ್ಲ. ಇದನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಅಳತೆ ಬೇಕಾದರೆ ಶಕ್ತಿ ನೋಡಬೇಕು. ನೋವು ಇಳಿದ ಮೇಲೆ ಇಂಥ ಜುಮು ಜುಮು ಇನ್ನೂ ತಿಂಗಳುಗಟ್ಟಲೆ ಉಳಿಯುವುದು ಮಾಮೂಲು. ಸೊಂಟದಿಂದ ಹೆಬ್ಬೆರಳಿಗೆ ಈ ನರ ಸುಮಾರು ಒಂದು ಮೀಟರ್ ಉದ್ದ. ಅದರ ಎಳೆಗಳಿಗೆ ನಿಜವಾಗಿ ಏಟು ಬಿದ್ದಿದ್ದರೆ ದಿನಕ್ಕೆ ಸುಮಾರು ಒಂದು ಮಿಲಿಮೀಟರ್‌ನಷ್ಟೇ ಮತ್ತೆ ಬೆಳೆಯುತ್ತವೆ. ನೀವೇ ಲೆಕ್ಕ ಹಾಕಿ.

ಎರಡನೇ ಖಾತೆ ಬಲ ತೊಡೆಯದು. ಡಿಸ್ಕ್ ಒತ್ತುತ್ತಿರುವುದು ಎಡಕ್ಕೆ, ಉರಿ ಬಲಕ್ಕೆ. ಜಾಗ ತೊಡೆಯ ಹೊರಬದಿ, ಅಂಗೈ ಅಗಲ. ಶುರುವಾಗಿದ್ದು ಒಂದು ತಿಂಗಳಿಂದ, ಅಂದರೆ ದಿನವಿಡೀ ಬೆಲ್ಟ್ ಬಿಗಿಯುವ ಅಭ್ಯಾಸ ಕೂತ ಮೇಲೆ. ನನ್ನ ಅನುಮಾನ ಬೆಲ್ಟಿನ ಮೇಲೆಯೇ. ಸೊಂಟದ ಮುಂದೆ ಕೈಗೆ ಸಿಗುವ ಚೂಪು ಮೂಳೆ ಇದೆಯಲ್ಲ, ಅದರ ಒಳಮಗ್ಗುಲಲ್ಲಿ ತೊಡೆಯ ಹೊರ ಚರ್ಮಕ್ಕೆ ಹೋಗುವ ಸಣ್ಣ ನರ ಹಾದುಹೋಗುತ್ತದೆ. ಬಿಗಿಯಾದ ಬೆಲ್ಟ್, ಟೈಟ್ ಜೀನ್ಸ್, ಬೆಳೆದ ಹೊಟ್ಟೆ ಅದನ್ನು ಹಿಂಡುತ್ತವೆ. ಶುಗರ್ ಇರುವವರಿಗೆ ಇದು ಇನ್ನೂ ಬೇಗ ಬರುತ್ತದೆ. ಇದಕ್ಕೆ ಮೆರಾಲ್ಜಿಯಾ ಪ್ಯಾರೆಸ್ಥೆಟಿಕಾ ಎಂಬ ಉದ್ದ ಹೆಸರಿದೆ, ತೊಂದರೆ ಮಾತ್ರ ಚಿಕ್ಕದು. ಆ ನರಕ್ಕೆ ಸ್ಪರ್ಶ ಬಿಟ್ಟು ಬೇರೆ ಕೆಲಸವಿಲ್ಲ, ಯಾವ ಮಾಂಸಖಂಡವನ್ನೂ ಅದು ನಡೆಸುವುದಿಲ್ಲ. ಹಾಗಾಗಿ ಅದರಿಂದ ಕಾಲು ಸೋಲುವ ಮಾತೇ ಇಲ್ಲ. ಬೆಲ್ಟನ್ನು ದಿನಕ್ಕೆ ಎರಡು ಗಂಟೆ ಕಡಿಮೆ ಮಾಡುತ್ತಾ ಒಂದು ವಾರದಲ್ಲಿ ಬಿಟ್ಟುಬಿಡಿ. ಪ್ಯಾಂಟಿನ ಬೆಲ್ಟನ್ನೂ ಒಂದು ತೂತು ಸಡಿಲ ಮಾಡಿ. ಸೊಂಟದ ಬೆಲ್ಟಿನಿಂದ ಡಿಸ್ಕ್ ಒಳಗೆ ಹೋಗುವುದಿಲ್ಲ. ನೋವು ಜಾಸ್ತಿ ಇದ್ದ ಮೊದಲ ದಿನಗಳಲ್ಲಿ ಅದು ಊರುಗೋಲಿನ ಹಾಗೆ ಉಪಯೋಗ, ಅಷ್ಟೆ.

ಮೂರನೇ ಖಾತೆಯೇ ನನಗೆ ಹೆಚ್ಚು ಮುಖ್ಯ ಅನಿಸಿದ್ದು. ಎರಡೂ ಅಂಗಾಲು, ಎರಡೂ ಒಂದೇ ಹಾಗೆ, ರಾತ್ರಿ ಹೊತ್ತು. ಒಂದು ಬದಿಗೆ ಉಬ್ಬಿದ ಡಿಸ್ಕ್ ಹೀಗೆ ಮಾಡುವುದು ಅಪರೂಪ. ಶುಗರ್ ಕಾಯಿಲೆ ಉದ್ದದ ನರಗಳ ತುದಿಯನ್ನು ಮೊದಲು ಹಿಡಿಯುತ್ತದೆ, ಅಂದರೆ ಎರಡೂ ಪಾದ. ವಿಟಮಿನ್ ಬಿ12 ಕೊರತೆಯೂ ಪಾದದಿಂದಲೇ ಶುರುವಾಗುತ್ತದೆ. ನೀವು ಸಸ್ಯಾಹಾರಿ, ಹಾಲು ಮೊಸರು ಬಿಟ್ಟರೆ ನಿಮಗೆ ಬಿ12 ಸಿಗುವ ದಾರಿ ಕಡಿಮೆ. ಅದರ ಮೇಲೆ ಆರು ವರ್ಷದ ಮೆಟ್‌ಫಾರ್ಮಿನ್. ಅದು ಒಳ್ಳೆಯ ಔಷಧ, ನಿಲ್ಲಿಸಬೇಡಿ, ಆದರೆ ಕರುಳಿನಲ್ಲಿ ಬಿ12 ಹೀರಿಕೊಳ್ಳುವುದನ್ನು ಅದು ಕಡಿಮೆ ಮಾಡುತ್ತದೆ. ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಶುಗರ್‌ನ ಸರಾಸರಿ ಹೇಳುವ ಪರೀಕ್ಷೆ), ಬಿ12, ಥೈರಾಯ್ಡ್, ಈ ಮೂರು ರಕ್ತಪರೀಕ್ಷೆ ಈ ವಾರವೇ ಮಾಡಿಸಿ. ಒಂದು ತೊಡಕಿದೆ. ಮೀಥೈಲ್‌ಕೊಬಾಲಮಿನ್ ಅಂದರೆ ಬಿ12ರದೇ ಒಂದು ರೂಪ. ಮಾತ್ರೆ ನಡೆಯುತ್ತಿರುವಾಗ ರಕ್ತದಲ್ಲಿ ಬಿ12 ಚೆನ್ನಾಗಿಯೇ ಕಾಣಬಹುದು. ಪರೀಕ್ಷೆ ನೋಡುವ ಡಾಕ್ಟರಿಗೆ ಎಷ್ಟು ದಿನದಿಂದ ತಗೊಳ್ಳುತ್ತಿದ್ದೀರಿ ಅಂತ ಹೇಳಲೇಬೇಕು. ಈ ಎರಡೂ ಕಾರಣಗಳಿಗೆ ಚಿಕಿತ್ಸೆ ಇದೆ, ತಡ ಮಾಡಿದರೆ ಮಾತ್ರ ನರದ ನಷ್ಟ ಉಳಿದುಬಿಡುತ್ತದೆ. ಡಿಸ್ಕಿನ ಚಿಂತೆಯಲ್ಲಿ ಇದು ಮುಚ್ಚಿಹೋಗುತ್ತದಲ್ಲ ಅನ್ನುವುದೇ ನನ್ನ ಸಂಕಟ.

ಅಲ್ಲಿಯವರೆಗೆ ಪಾದಕ್ಕೆ ಬಿಸಿನೀರಿನ ಚೀಲ ಇಡಬೇಡಿ. ಸ್ಪರ್ಶ ಮಂದವಾದ ಪಾದ ಸುಟ್ಟರೂ ಗೊತ್ತಾಗುವುದಿಲ್ಲ. ಮಳೆಗಾಲದಲ್ಲಿ ಒದ್ದೆ ಚಪ್ಪಲಿಯಿಂದ ಆಗುವ ಗಾಯಕ್ಕೂ ದಿನಾ ರಾತ್ರಿ ಅಂಗಾಲನ್ನು ಒಮ್ಮೆ ನೋಡಿಕೊಳ್ಳಿ.

ಈಗ ಮನೆಯ ಪರೀಕ್ಷೆ. ವಾರಕ್ಕೊಮ್ಮೆ, ಭಾನುವಾರ ಬೆಳಗ್ಗೆ, ಗೋಡೆ ಪಕ್ಕ ನಿಂತು ಮಾಡಿ. ಹಿಮ್ಮಡಿಯ ಮೇಲೆ ಹತ್ತು ಹೆಜ್ಜೆ ನಡೆಯಿರಿ. ತುದಿಗಾಲಲ್ಲಿ ಹತ್ತು ಹೆಜ್ಜೆ ನಡೆಯಿರಿ. ಒಂಟಿ ಕಾಲಲ್ಲಿ ನಿಂತು ಹಿಮ್ಮಡಿ ಎತ್ತಿ ಇಳಿಸಿ, ಎಡಕ್ಕೂ ಬಲಕ್ಕೂ ಎಷ್ಟೆಷ್ಟು ಸಲ ಆಗುತ್ತದೆ ಎಂದು ಬರೆದಿಡಿ. ಆಮೇಲೆ ಕೂತು ಹೆಬ್ಬೆರಳನ್ನು ಮೇಲಕ್ಕೆತ್ತಿ, ಹೆಂಡತಿಗೋ ಮಕ್ಕಳಿಗೋ ಅದನ್ನು ಕೆಳಗೆ ಒತ್ತಲು ಹೇಳಿ. ಎಡ ಹೆಬ್ಬೆರಳು ಬಲದಷ್ಟೇ ಗಟ್ಟಿಯಾಗಿ, ಜಗ್ಗದೆ ನಿಲ್ಲಬೇಕು. ದಿನಕ್ಕೆ ಹತ್ತು ಸಲ ಮಾಡಬೇಡಿ. ನೋಯುವ ಹಲ್ಲಿಗೇ ನಾಲಗೆ ಹೋಗುವ ಹಾಗೆ ಗಮನವೆಲ್ಲ ಅಲ್ಲೇ ಕೂತರೆ ಸಣ್ಣ ಸಂದೇಶವೂ ದೊಡ್ಡದಾಗಿ ಕೇಳಿಸುತ್ತದೆ.

ಪಾದ ನೆಲಕ್ಕೆ ಎಳೆಯಲು ಶುರುವಾದರೆ, ಚಪ್ಪಲಿ ಗೊತ್ತಿಲ್ಲದೆ ಕಳಚಿಹೋದರೆ, ವಾರದಿಂದ ವಾರಕ್ಕೆ ಶಕ್ತಿ ಇಳಿದರೆ ಕಾಯಬೇಡಿ, ಒಂದೆರಡು ದಿನದಲ್ಲಿ ಬೆನ್ನಿನ ತಜ್ಞರನ್ನು ನೋಡಿ. ಜ್ವರ, ತೂಕ ಇಳಿಯುವುದು, ಮಲಗಿದರೂ ಬಿಡದ ರಾತ್ರಿ ನೋವು ಇದ್ದರೂ ಹಾಗೆಯೇ. ನಮ್ಮ ದೇಶದಲ್ಲಿ ಬೆನ್ನುಮೂಳೆಯ ಕ್ಷಯ ಇನ್ನೂ ಇದೆ.

ಇದಕ್ಕಿಂತ ಅವಸರದ್ದು ಇನ್ನೊಂದಿದೆ. ಸೈಕಲ್ ಸೀಟಿಗೆ ತಾಗುವ ಜಾಗ ಮರಗಟ್ಟುವುದು, ಮೂತ್ರ ಬಂದದ್ದು ತಿಳಿಯದಿರುವುದು ಅಥವಾ ಹೊರಡದಿರುವುದು, ಮಲದ ಹಿಡಿತ ತಪ್ಪುವುದು, ಎರಡೂ ಕಾಲಿಗೆ ಒಮ್ಮೆಲೇ ನೋವು ಅಥವಾ ಸೋಲು. ಇದು ಆ ಕುದುರೆ ಬಾಲದ ನರಗಳೆಲ್ಲ ಒಟ್ಟಿಗೆ ಸಿಕ್ಕಿಕೊಂಡ ಲಕ್ಷಣ. ಬೆಳಗಾಗಲಿ ಅನ್ನದೆ ಆ ಗಂಟೆಯಲ್ಲೇ ಹೊರಡಬೇಕು. ನಿಮ್ಮ ಸೆಂಟ್ರಲ್ ಲೈನಿನಲ್ಲೇ ಸಯನ್ ಆಸ್ಪತ್ರೆ ಇದೆ, ಪರೇಲ್‌ನಲ್ಲಿ ಕೆಇಎಂ ಇದೆ. ಎರಡೂ ಪಾಲಿಕೆಯವು, ಹಗಲೂ ರಾತ್ರಿ ಕ್ಯಾಶುವಾಲ್ಟಿ ತೆರೆದಿರುತ್ತದೆ. ಹಲವು ವರ್ಷಗಳ ಹಿಂದೆ ಒಬ್ಬ ಹೆಣ್ಣುಮಗಳು ಈ ಜಾಗದ ಮಾತನ್ನು ಹೇಳಲು ಸಂಕೋಚಪಟ್ಟು ಮೂರು ದಿನ ಸುಮ್ನೆ ಇದ್ದರು. ಆಪರೇಷನ್ ಆಯಿತು, ಕಾಲು ಸರಿಹೋಯಿತು, ಮೂತ್ರದ ಹಿಡಿತ ಪೂರ್ತಿ ಬರಲಿಲ್ಲ. ಅವರ ಮುಖ ನನಗೆ ಮರೆಯುವುದಿಲ್ಲ. ಅಂದಿನಿಂದ ಸೊಂಟನೋವಿನ ಪ್ರತಿಯೊಬ್ಬರಿಗೂ ನಾನೇ ಬಾಯಿಬಿಟ್ಟು ಕೇಳುತ್ತೇನೆ.

ಇನ್ನು ದಾರಿಗಳು. ನಿಮ್ಮ ಇಬ್ಬರು ಡಾಕ್ಟರುಗಳಲ್ಲಿ ಯಾರೂ ಸುಳ್ಳು ಹೇಳಿಲ್ಲ. ಒಬ್ಬರು ಸ್ಕ್ಯಾನ್ ನೋಡಿ ಹೇಳಿರಬಹುದು, ಇನ್ನೊಬ್ಬರು ನಿಮ್ಮ ನಡಿಗೆ ನೋಡಿ. ನೆದರ್‌ಲೆಂಡ್ಸ್‌ನಲ್ಲಿ ಕಾಲಿಗಿಳಿದ ತೀವ್ರ ನೋವಿದ್ದ 283 ಜನರನ್ನು ಎರಡು ಗುಂಪು ಮಾಡಿ ನೋಡಿದ ಅಧ್ಯಯನ 2007ರಲ್ಲಿ ಬಂತು. ಬೇಗ ಆಪರೇಷನ್ ಮಾಡಿಸಿಕೊಂಡವರಿಗೆ ನೋವು ಬೇಗ ಇಳಿಯಿತು. ವರ್ಷ ಕಳೆದಾಗ ಎರಡೂ ಗುಂಪಿನಲ್ಲಿ ನೂರಕ್ಕೆ ಸುಮಾರು 95 ಜನ ಚೇತರಿಸಿಕೊಂಡಿದ್ದರು. ಕಾದ ಗುಂಪಿನಲ್ಲೂ ನೂರಕ್ಕೆ ಸುಮಾರು 40 ಜನರಿಗೆ ನಡುವೆ ಆಪರೇಷನ್ ಬೇಕಾಯಿತು, ಅದನ್ನೂ ಮುಚ್ಚಿಡುವುದಿಲ್ಲ. ಆದರೆ ಅವರೆಲ್ಲ ತೀವ್ರ ನೋವಿನವರು. ನಿಮ್ಮ ನೋವು ತಾನಾಗಿ ಇಳಿಯುತ್ತಿದೆ. ಆಪರೇಷನ್ ಕಾಲಿನ ನೋವಿಗೆ ಒಳ್ಳೆಯದು, ಸೊಂಟನೋವಿಗೆ ಅಷ್ಟಲ್ಲ, ಜುಮು ಜುಮಿಗೆ ಇನ್ನೂ ಕಡಿಮೆ. ಸೋಂಕು, ನರದ ಹೊದಿಕೆ ಹರಿಯುವುದು, ಅದೇ ಜಾಗದಲ್ಲಿ ಡಿಸ್ಕ್ ಮತ್ತೆ ಹೊರಬರುವುದು, ಈ ಅಪಾಯಗಳೂ ಇವೆ. ನೀರು ಹನಿಸಿದ ಹಾಗಾಗುತ್ತದೆ ಅನ್ನುವ ಒಂದೇ ಕಾರಣಕ್ಕೆ ನಾನಂತೂ ಚಾಕು ಹಿಡಿಯುವುದಿಲ್ಲ.

ಸೊಂಟಕ್ಕೆ ಕೊಡುವ ಸ್ಟೀರಾಯ್ಡ್ ಇಂಜೆಕ್ಷನ್ ಕಾಲಿನ ನೋವು ವಿಪರೀತ ಇದ್ದಾಗ ಕೆಲವು ವಾರ ಆರಾಮ ಕೊಡಬಹುದು. ನಿಮಗೆ ಶುಗರ್ ಇದೆ, ಅದರ ನಂತರ ಕೆಲವು ದಿನ ಶುಗರ್ ಏರುತ್ತದೆ. ಸದ್ಯ ನಿಮಗದು ಬೇಕಿಲ್ಲ.

ಪ್ರಿಗಾಬಲಿನ್ ಬಗ್ಗೆ. 2017ರಲ್ಲಿ ಆಸ್ಟ್ರೇಲಿಯಾದವರು ಕಾಲಿಗಿಳಿಯುವ ನೋವಿಗೆ ಇದನ್ನು ಹುಸಿಮಾತ್ರೆಯ ಜೊತೆ ಹೋಲಿಸಿದರು. ನೋವಿನಲ್ಲಿ ವ್ಯತ್ಯಾಸ ಕಾಣಲಿಲ್ಲ, ತಲೆಸುತ್ತು ಮಾತ್ರ ಜಾಸ್ತಿ ಆಯಿತು. ಶುಗರ್‌ನ ಅಂಗಾಲು ಉರಿಗೆ ಅದು ಉಪಯೋಗಕ್ಕೆ ಬರುತ್ತದೆ, ಹಾಗಾಗಿ ಬೇಕೋ ಬೇಡವೋ ಅನ್ನುವುದನ್ನು ರಕ್ತಪರೀಕ್ಷೆ ಬಂದ ಮೇಲೆ ನಿಮ್ಮ ಡಾಕ್ಟರ ಜೊತೆ ತೀರ್ಮಾನಿಸಿ. ಒಮ್ಮೆಲೇ ನಿಲ್ಲಿಸಬೇಡಿ. ಮಾತ್ರೆಯ ಮಂಪರಿನಲ್ಲಿ ಲೋಕಲ್‌ನ ಬಾಗಿಲಲ್ಲಂತೂ ನಿಲ್ಲಲೇಬೇಡಿ.

ಮಾವನವರ ಪ್ರೀತಿ ದೊಡ್ಡದು, ಅವರಿಗೆ ನೋವಾಗದ ಹಾಗೆ ಬೇಡ ಅನ್ನಿ. ಮೂಳೆ ಜಾರಿಲ್ಲ, ಕೂರಿಸಲು ಏನೂ ಇಲ್ಲ. ಕೆರಳಿದ ನರದ ಮೇಲೆ ಬಲವಾಗಿ ತಿರುಚಿದರೆ ಬಲ್ಜ್ ಇದ್ದದ್ದು ಹರಿದೂ ಹೋಗಬಹುದು. ಎಣ್ಣೆ ಹಚ್ಚಿ ಮೆಲ್ಲಗೆ ತಿಕ್ಕಿಸಿಕೊಳ್ಳುವುದಕ್ಕೆ ನನ್ನ ಅಡ್ಡಿ ಇಲ್ಲ.

ಉಳಿದದ್ದು ನಿಮ್ಮ ದಿನಚರಿ. ಹಾಸಿಗೆ ಹಿಡಿಯಬೇಡಿ, ಮಲಗಿದ್ದರೆ ಬೇಗ ವಾಸಿಯಾಗುತ್ತದೆ ಅನ್ನುವುದು ಹಳೆಯ ನಂಬಿಕೆ. ಬೆಳಿಗ್ಗೆ ಹದಿನೈದು, ಸಂಜೆ ಹದಿನೈದು ನಿಮಿಷ ನಡೆಯಿರಿ, ವಾರಕ್ಕೆ ಐದೈದು ನಿಮಿಷ ಏರಿಸಿ. ರಾತ್ರಿಯಿಡೀ ಡಿಸ್ಕ್ ನೀರು ಹೀರಿ ಉಬ್ಬಿರುತ್ತದೆ, ಎದ್ದ ಮೊದಲ ಒಂದು ಗಂಟೆ ಬಗ್ಗುವುದು ಅದಕ್ಕೆ ಕಷ್ಟ. ಬೆಳಗ್ಗೆ ನಲ್ಲಿ ನೀರು ಬರುವ ಹೊತ್ತಿಗೆ ಬಕೆಟ್ ಎತ್ತುವ ಕೆಲಸ ನಿಮ್ಮದಾಗಿದ್ದರೆ ಕೆಲವು ತಿಂಗಳು ಬೇರೆಯವರಿಗೆ ಬಿಡಿ, ಅಥವಾ ಮಗ್‌ನಿಂದ ತುಂಬಿ. ಲೋಕಲ್‌ನಲ್ಲಿ ಫೋರ್ತ್ ಸೀಟ್, ಅಂದರೆ ಮೂವರ ಸೀಟಿನ ತುದಿಗೆ ನಾಲ್ಕನೆಯವರಾಗಿ ಕೂರುವುದು, ಬೇಡ. ಅರ್ಧ ಕುಂಡೆ ಊರಿ, ಸೊಂಟ ತಿರುಚಿಕೊಂಡು ಗಂಟೆಗಟ್ಟಲೆ ಕೂರುವುದಕ್ಕಿಂತ ನಿಲ್ಲುವುದು ವಾಸಿ. ಡೊಂಬಿವಲಿಯಿಂದಲೇ ಹೊರಡುವ ಗಾಡಿ ಹಿಡಿದು ಘಾಟ್‌ಕೋಪರ್‌ವರೆಗೆ ಕೂತು, ಆಮೇಲೆ ನಿಮ್ಮ ಗ್ರೂಪಿನ ನಿಂತವರೊಬ್ಬರಿಗೆ ಸೀಟು ಕೊಟ್ಟು ನಿಂತುಬಿಡಿ. ಅವರಿಗೂ ಖುಷಿ, ನಿಮ್ಮ ಸೊಂಟಕ್ಕೂ. ಆಫೀಸಿನಲ್ಲಿ ನಲವತ್ತು ನಿಮಿಷಕ್ಕೊಮ್ಮೆ ಎದ್ದು ನೀರು ಕುಡಿದು ಬನ್ನಿ. ಹಿಂದಿನ ಜೇಬಿನಲ್ಲಿ ಪರ್ಸ್ ಇದ್ದರೆ ಮುಂದೆ ಇಟ್ಟುಕೊಳ್ಳಿ. ವ್ಯಾಯಾಮವನ್ನು ವಿಡಿಯೋ ನೋಡಿ ಕಲಿಯಬೇಡಿ, ಒಬ್ಬ ಫಿಸಿಯೋಥೆರಪಿಸ್ಟ್ ಹತ್ತಿರ ಎರಡು ಮೂರು ಸಲ ಹೋಗಿ. ಯಾವ ಕಡೆ ಬಾಗಿದರೆ ನಿಮ್ಮ ಕಾಲಿಗೆ ಆರಾಮ ಅನ್ನುವುದನ್ನು ಅವರು ಕಂಡುಹಿಡಿಯುತ್ತಾರೆ, ಅದು ಒಬ್ಬೊಬ್ಬರಿಗೆ ಒಂದೊಂದು ರೀತಿ.

ಒಂದು ಗುರುತು ನೆನಪಿಡಿ. ಪಾದದಲ್ಲಿದ್ದ ಜುಂ ಮೀನಖಂಡಕ್ಕೆ, ಅಲ್ಲಿಂದ ತೊಡೆಗೆ, ತೊಡೆಯಿಂದ ಸೊಂಟಕ್ಕೆ ಹಿಂದೆ ಸರಿದರೆ ಅದು ವಾಸಿಯಾಗುವ ದಾರಿ. ಆಗ ಸೊಂಟ ಎರಡು ದಿನ ಜಾಸ್ತಿ ನೋಯಬಹುದು, ಹೆದರಬೇಡಿ. ಯಾವುದೇ ವ್ಯಾಯಾಮದಿಂದ ಅದು ಕೆಳಗೆ ಇಳಿಯುತ್ತಾ ಹೋದರೆ ಆ ವ್ಯಾಯಾಮ ನಿಲ್ಲಿಸಿ.

ಬೆಲ್ಟ್ ಬಿಟ್ಟು ಮೂರು ನಾಲ್ಕು ವಾರ ಆದ ಮೇಲೆ ಬಲ ತೊಡೆ ಹೇಗಿದೆ ಅಂತ ಬರೆಯಿರಿ. ಬಿ12 ಮತ್ತು ಎಚ್‌ಬಿಎ1ಸಿ ಎಷ್ಟು ಬಂತು, ಭಾನುವಾರದ ಪರೀಕ್ಷೆಯಲ್ಲಿ ಎಡಗಾಲಿನ ಹಿಮ್ಮಡಿ ಎಷ್ಟು ಸಲ ಎದ್ದಿತು, ಅದನ್ನೂ ಜೊತೆಗೆ ಕಳಿಸಿ.